ರಸ್ಟ್‌ನಲ್ಲಿ ಸೀರಿಯಲೈಸೇಶನ್ ಲೈಬ್ರರಿಗಳನ್ನು ಹೋಲಿಸುವ ಕ್ರಮ

ಮೆಮೊರಿಯಲ್ಲಿರುವ ಸ್ಟ್ರಕ್ಟ್‌ಗಳನ್ನು, ಅಂದರೆ ಹೆಸರಿಟ್ಟ ಫೀಲ್ಡ್‌ಗಳ ಕಟ್ಟುಗಳನ್ನು, ಬೈಟ್‌ಗಳಾಗಿಸಿ (ಇದೇ ಸೀರಿಯಲೈಸೇಶನ್) ಫೈಲಿಗೆ ಬರೆಯಲು ಅಥವಾ ನೆಟ್‌ವರ್ಕಿನಲ್ಲಿ ಕಳುಹಿಸಲು ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಲವು ಮುಕ್ತ ಲೈಬ್ರರಿಗಳು ಲಭ್ಯವಿವೆ. ಅವುಗಳನ್ನು ಹೋಲಿಸುವವರು ಬಹುಪಾಲು ವೇಗದ ಪಟ್ಟಿಯಿಂದಲೇ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಹಂತ. ಈ ಬೈಟ್‌ಗಳನ್ನು ಯಾರು ಓದುತ್ತಾರೆ, ಮತ್ತು ಅವರು ಓದುವ ವೇಳೆಗೆ ನಮ್ಮ ಸ್ಟ್ರಕ್ಟ್ ಬದಲಾಗಿರುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬರೆದಿಟ್ಟುಕೊಳ್ಳಬೇಕು.

ಹೋಲಿಕೆಗೆ ಸರ್ಡಿಯನ್ನು ಬುನಾದಿಯಾಗಿ ಇಟ್ಟುಕೊಳ್ಳುವುದು ಸೂಕ್ತ. 2017ರಲ್ಲಿ 1.0 ಆವೃತ್ತಿ ತಲುಪಿದ ಈ ಲೈಬ್ರರಿ ತಾನೇ ಯಾವ ಫಾರ್ಮ್ಯಾಟ್ ಅನ್ನೂ ಬರೆಯುವುದಿಲ್ಲ. 29 ಬಗೆಗಳ ಒಂದು ದತ್ತಾಂಶ ಮಾದರಿಯನ್ನು ನಡುವೆ ನಿಲ್ಲಿಸಿ, ಸ್ಟ್ರಕ್ಟ್‌ಗಳನ್ನು ಒಂದು ಕಡೆಗೂ ಫಾರ್ಮ್ಯಾಟ್‌ಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸುತ್ತದೆ. ಆದ್ದರಿಂದ ಸ್ಟ್ರಕ್ಟ್‌ನ ಮೇಲೆ ಡಿರೈವ್ ಸಾಲನ್ನು (ಪರಿವರ್ತನೆಯ ಕೋಡನ್ನು ತಾನಾಗಿ ಹುಟ್ಟಿಸುವ ಸೂಚನೆಯನ್ನು) ಒಮ್ಮೆ ಬರೆದರೆ ಅದೇ ದತ್ತಾಂಶವನ್ನು ಪಠ್ಯರೂಪದ ಜೇಸನ್, ಬೈನರಿ ರೂಪದ ಮೆಸೇಜ್‌ಪ್ಯಾಕ್, ಪೋಸ್ಟ್‌ಕಾರ್ಡ್‌ಗಳಲ್ಲಿ ಬರೆದು ನೋಡಬಹುದು. ಗಾತ್ರದ ವ್ಯತ್ಯಾಸ ಆಗಲೇ ಕಣ್ಣಿಗೆ ಬೀಳುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ (ಯೂನಿಕೋಡ್‌ನ ಒಂದು ಅಕ್ಷರ ಅಥವಾ ಚಿಹ್ನೆಗೆ) 3 ಬೈಟ್ ಬೇಕು. "ಕನ್ನಡ" ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ (್) ಸೇರಿ 5 ಕೋಡ್ ಪಾಯಿಂಟ್‌ಗಳಿರುವುದರಿಂದ ಒಟ್ಟು 15 ಬೈಟ್. ಉದ್ದರಣ ಚಿಹ್ನೆಗಳೊಡನೆ ಜೇಸನ್‌ನಲ್ಲಿ ಇದು 17 ಬೈಟ್ ಆಗುತ್ತದೆ, ಉದ್ದವನ್ನು ಒಂದೇ ಬೈಟ್‌ನಲ್ಲಿ ಬರೆಯುವ ಪೋಸ್ಟ್‌ಕಾರ್ಡ್‌ನಲ್ಲಿ 16, ಉದ್ದಕ್ಕೆಂದೇ 8 ಬೈಟ್ ಮೀಸಲಿಡುವ ಬಿನ್‌ಕೋಡ್ ಎಂಬ ಬೈನರಿ ಲೈಬ್ರರಿಯ 1ನೇ ಆವೃತ್ತಿಯ ಸಹಜ ವಿನ್ಯಾಸದಲ್ಲಿ 23. ಚಿಕ್ಕ ಚಿಕ್ಕ ಪದಗಳೇ ತುಂಬಿರುವ ದತ್ತಾಂಶದಲ್ಲಿ ಬೈನರಿ ಫಾರ್ಮ್ಯಾಟ್ ಯಾವಾಗಲೂ ಚಿಕ್ಕದಿರುತ್ತದೆ ಎಂಬ ನಂಬಿಕೆ ಹೀಗೆ ಸುಳ್ಳಾಗಬಹುದು.

ಗಾತ್ರಕ್ಕಿಂತ ಹೆಚ್ಚು ಎಚ್ಚರ ಬೇಕಾಗುವುದು ಸ್ಟ್ರಕ್ಟ್ ಬದಲಾದಾಗ. ಜೇಸನ್‌ನಲ್ಲಿ ಫೀಲ್ಡ್‌ಗಳ ಹೆಸರು ದತ್ತಾಂಶದ ಜೊತೆಗೇ ಹೋಗುತ್ತದೆ. ಬಿನ್‌ಕೋಡ್ ಮತ್ತು ಪೋಸ್ಟ್‌ಕಾರ್ಡ್‌ಗಳಲ್ಲಿ ಹೋಗುವುದು ಮೌಲ್ಯಗಳು ಮಾತ್ರ, ಅದೂ ಸ್ಟ್ರಕ್ಟ್‌ನಲ್ಲಿ ಬರೆದ ಅನುಕ್ರಮದಲ್ಲಿ. ಅಗಲ ಮತ್ತು ಎತ್ತರ ಎಂಬ, ಒಂದೇ ಪೂರ್ಣಾಂಕ ಬಗೆಯ ಎರಡು ಫೀಲ್ಡ್‌ಗಳ ಸ್ಥಾನವನ್ನು ಯಾರಾದರೂ ಅದಲುಬದಲು ಮಾಡಿದರೆ ಹಳೆಯ ಫೈಲು ಯಾವ ದೋಷ ಸಂದೇಶವೂ ಇಲ್ಲದೆ ತೆರೆದುಕೊಳ್ಳುತ್ತದೆ, ಆದರೆ ಅಗಲದ ಜಾಗದಲ್ಲಿ ಎತ್ತರ ಬಂದು ಕೂತಿರುತ್ತದೆ. ಹಲವು ಆಯ್ಕೆಗಳಲ್ಲಿ ಒಂದನ್ನು ಹಿಡಿದಿಡುವ ಬಗೆಯಾದ ಎನಮ್‌ನ ನಡುವೆ ಹೊಸ ವೇರಿಯಂಟ್ (ಆಯ್ಕೆ) ಸೇರಿಸಿದರೂ ಇದೇ ಗತಿ, ಏಕೆಂದರೆ ದಾಖಲಾಗುವುದು ಅದರ ಕ್ರಮಸಂಖ್ಯೆ ಮಾತ್ರ. ಷರತ್ತು ಹೊಂದಿದಾಗ ಫೀಲ್ಡ್ ಅನ್ನು ಬರೆಯದೆ ಬಿಡುವ ಸರ್ಡಿಯ "ಸ್ಕಿಪ್ ಸೀರಿಯಲೈಸಿಂಗ್ ಇಫ್" ಸೂಚನೆ ಜೇಸನ್‌ನಲ್ಲಿ ಉಪಕಾರಿ. ಇಂತಹ ಬೈನರಿ ಫಾರ್ಮ್ಯಾಟ್‌ಗಳಲ್ಲಿ ಬಿಟ್ಟುಹೋದ ಫೀಲ್ಡ್‌ನ ಗುರುತೇ ಉಳಿಯದ ಕಾರಣ ಮುಂದಿನ ಫೀಲ್ಡ್‌ನ ಬೈಟ್‌ಗಳನ್ನು ತಪ್ಪಾಗಿ ಓದುವಂತಾಗುತ್ತದೆ. ಯಾವ ವೇರಿಯಂಟ್ ಎಂಬ ಗುರುತನ್ನೇ ಬರೆಯದ "ಅನ್‌ಟ್ಯಾಗ್ಡ್" ಎನಮ್‌ಗಳನ್ನಂತೂ ಇವು ಮರಳಿ ಓದಲಾರವು. ಕಂಪೈಲರ್ ಈ ಯಾವುದನ್ನೂ ತಡೆಯುವುದಿಲ್ಲ.

ದತ್ತಾಂಶ ವರ್ಷಗಟ್ಟಲೆ ಉಳಿಯಬೇಕಿದ್ದರೆ, ಅಥವಾ ಓದುವವರು ಗೋ, ಜಾವಾ ಮುಂತಾದ ಬೇರೆ ಭಾಷೆಗಳಲ್ಲಿದ್ದರೆ, ಹಲವು ಭಾಷೆಗಳಲ್ಲಿ ಓದಬಹುದಾದ ಪ್ರೋಟೊಬಫ್ ಫಾರ್ಮ್ಯಾಟ್‌ಗಾಗಿ ಇರುವ ಪ್ರಾಸ್ಟ್ ಲೈಬ್ರರಿಯನ್ನು ಆರಿಸುವುದೇ ಸರಿ ಎಂದು ನಾನು ದೃಢವಾಗಿ ಹೇಳುತ್ತೇನೆ. ಇಲ್ಲಿ ಪ್ರತಿ ಫೀಲ್ಡ್‌ಗೂ ಸ್ಕೀಮಾದಲ್ಲಿ (ದತ್ತಾಂಶದ ರಚನೆಯನ್ನು ವಿವರಿಸುವ ಫೈಲಿನಲ್ಲಿ) ಒಂದು ಸಂಖ್ಯೆ ಇರುತ್ತದೆ. ಹೆಸರು ಬದಲಿಸಬಹುದು, ಹೊಸ ಫೀಲ್ಡ್ ಸೇರಿಸಬಹುದು, ಒಮ್ಮೆ ಬಳಸಿದ ಸಂಖ್ಯೆಯನ್ನು ಮಾತ್ರ ಮತ್ತೆ ಬೇರೆ ಅರ್ಥಕ್ಕೆ ಬಳಸಬಾರದು. 1ರಿಂದ 15ರವರೆಗಿನ ಸಂಖ್ಯೆಗಳ ಗುರುತಿಗೆ ಒಂದೇ ಬೈಟ್ ಸಾಕಾಗುವುದರಿಂದ ಹೆಚ್ಚು ಬಳಕೆಯ ಫೀಲ್ಡ್‌ಗಳಿಗೆ ಅವನ್ನು ಮೀಸಲಿಡಿ.

ಮೈಕ್ರೋಕಂಟ್ರೋಲರ್‌ಗೆ ಪೋಸ್ಟ್‌ಕಾರ್ಡ್ ಹೊಂದುತ್ತದೆ. ದೊಡ್ಡ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿ ಪೂರ್ತಿ ಬಿಡಿಸದೆ ಬೇಕಾದ ಭಾಗವನ್ನಷ್ಟೇ ಓದಬೇಕಿದ್ದರೆ, ಸರ್ಡಿಯನ್ನು ಅವಲಂಬಿಸದ ಆರ್ಕೈವ್ (rkyv) ಲೈಬ್ರರಿಯನ್ನು ನೋಡಿ. ಅದರಲ್ಲಿ ತಪಾಸಣೆಯಿಲ್ಲದೆ ಓದುವ ದಾರಿ "ಅನ್‌ಸೇಫ್" (ಕಂಪೈಲರ್ ಸುರಕ್ಷತೆಯ ಖಾತರಿ ಕೊಡದ ದಾರಿ) ಆಗಿರುವುದರಿಂದ ಹೊರಗಿನಿಂದ ಬಂದ ಬೈಟ್‌ಗಳಿಗೆ ತಪಾಸಣೆಯ ದಾರಿಯನ್ನೇ ಬಳಸಬೇಕು.

ಇಷ್ಟಾದ ಮೇಲೆ ಲೈಬ್ರರಿಯ ಆರೋಗ್ಯವನ್ನು ಪರೀಕ್ಷಿಸಿ. ಬಹಳ ಜನಪ್ರಿಯವಾಗಿದ್ದ ಬಿನ್‌ಕೋಡ್‌ನ ಅಭಿವೃದ್ಧಿಯನ್ನು ಅದರ ನಿರ್ವಾಹಕರು 2025ರಲ್ಲಿ ನಿಲ್ಲಿಸಿದರು. ಬಳಸಿದ ಲೈಬ್ರರಿಗಳನ್ನು ಪರಿಶೀಲಿಸುವ ಕಾರ್ಗೋ ಆಡಿಟ್ ಸಾಧನವನ್ನು ಓಡಿಸಿದರೆ ಇಂತಹ ಎಚ್ಚರಿಕೆಗಳು ತಿಳಿಯುತ್ತವೆ.

ವೇಗದ ಅಳತೆಗೆ ಈಗ ಬರಬಹುದು. ನಿಮ್ಮದೇ ನಿಜವಾದ ದತ್ತಾಂಶ ತೆಗೆದುಕೊಂಡು, ವೇಗಕ್ಕಾಗಿ ಕಂಪೈಲ್ ಮಾಡಿದ ರಿಲೀಸ್ ಬಿಲ್ಡ್‌ನಲ್ಲಿ, ವೇಗ ಅಳೆಯುವ ಕ್ರೈಟೀರಿಯನ್ ಲೈಬ್ರರಿ ಬಳಸಿ ಬರೆಯುವ ಸಮಯ, ಓದುವ ಸಮಯ, ಗಾತ್ರ ಮತ್ತು ಜೆಡ್‌ಸ್ಟ್ಯಾಂಡರ್ಡ್‌ನಿಂದ ಕುಗ್ಗಿಸಿದ ನಂತರದ ಗಾತ್ರಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಫೀಲ್ಡ್ ಹೆಸರುಗಳು ಮರುಕಳಿಸುವ ಜೇಸನ್ ಚೆನ್ನಾಗಿ ಕುಗ್ಗುವುದರಿಂದ ಕೊನೆಯ ಅಂಕಿಯಲ್ಲಿ ಅಂತರ ಬಹಳ ಕಡಿಮೆಯಾಗುವುದುಂಟು. ಆರ್ಕೈವ್ ಬರೀ ಪ್ರವೇಶಿಸುವ ಸಮಯವನ್ನು ಉಳಿದವು ಪೂರ್ತಿ ಬಿಡಿಸುವ ಸಮಯದ ಪಕ್ಕ ಇಡುವುದು ನ್ಯಾಯವಲ್ಲ. ಓದಿದ ನಂತರ ಪ್ರತಿ ಫೀಲ್ಡ್ ಅನ್ನು ಮುಟ್ಟುವ ಒಂದೇ ಕೆಲಸವನ್ನು ಎಲ್ಲಕ್ಕೂ ಕೊಡಿ.

ಆಯ್ಕೆ ಮುಗಿದ ದಿನವೇ ಒಂದು ಮಾದರಿ ದಾಖಲೆಯನ್ನು ಬರೆದು ಆ ಬೈಟ್‌ಗಳ ಫೈಲನ್ನು ರೆಪಾಸಿಟರಿಗೆ ಸೇರಿಸಿ, ಪ್ರತಿ ಬಿಲ್ಡ್‌ನಲ್ಲೂ ಅದನ್ನು ಓದಿ ಎಲ್ಲ ಮೌಲ್ಯಗಳನ್ನು ತಾಳೆ ನೋಡುವ ಟೆಸ್ಟ್ ಬರೆಯಿರಿ. ಅಗಲಕ್ಕೂ ಎತ್ತರಕ್ಕೂ ಬೇರೆ ಬೇರೆ ಸಂಖ್ಯೆ ಕೊಡಲು ಮರೆಯಬೇಡಿ. ಎರಡೂ ಒಂದೇ ಆಗಿದ್ದರೆ ಅದಲುಬದಲು ಟೆಸ್ಟಿನ ಕಣ್ಣಿಗೂ ಬೀಳುವುದಿಲ್ಲ.