ಎರಡು ಎಕರೆ, ಎಂಟು ತಾಕು: ಬನ್ನೂರು ಕುರಿ ಮೇಯಿಸುವ ಬಗೆ

ಮಳೆಯಾಶ್ರಿತ ಎರಡು ಎಕರೆ ಇದ್ದರೆ ಎಂಟು ಹೆಣ್ಣು ಕುರಿಯಿಂದ ಶುರು ಮಾಡಿ, ಇಪ್ಪತ್ತು ಬೇಡ. 25 ಕೆಜಿ ತೂಗುವ ಕುರಿಗೆ ದಿನಕ್ಕೆ ಮೂರರಿಂದ ನಾಲ್ಕು ಕೆಜಿ ಹಸಿ ಮೇವು ಬೇಕು. ಆಷಾಢದಲ್ಲಿ ಹುಲ್ಲು ಮಿಕ್ಕುತ್ತದೆ. ಲೆಕ್ಕ ಹಾಕಬೇಕಾದ್ದು ಮಾರ್ಚ್ ತಿಂಗಳಿಗೆ. ಎಂಟು ಕುರಿಗೆಂದು ಟಗರು ಕೊಳ್ಳುವುದು ದಂಡ. ಒಂದು ಟಗರು 25 ಕುರಿಗೆ ಸಾಕಾಗುತ್ತದೆ. ಪರಿಚಯದವರ ಒಳ್ಳೆ ಟಗರನ್ನು 40 ದಿನ ತಂದು ಬಿಟ್ಟುಕೊಳ್ಳಿ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ ಅಷ್ಟರಲ್ಲಿ ಎರಡು ಅವಕಾಶ ಸಿಗುತ್ತದೆ.

ಜೂನ್‌ನಲ್ಲಿ ಹದ ಮಳೆಯಾದ ಮೇಲೆ ಎಕರೆಗೆ ಎರಡು ಕೆಜಿ ಅಂಜನ್ ಹುಲ್ಲಿನ ಬೀಜ, ಎರಡು ಕೆಜಿ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಹಾಕಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು ಒಣಗಿಸದಿದ್ದರೆ ಅರ್ಧಕ್ಕರ್ಧ ಮೊಳೆಯುವುದೇ ಇಲ್ಲ. ಅಂಜನ್ ಬೀಜ ಹಗುರ, ಗಾಳಿಗೆ ಹಾರುತ್ತದೆ, ಹಸಿ ಮರಳಿನಲ್ಲಿ ಕಲಸಿ ಎರಚಿ. ಅರ್ಧ ಇಂಚಿಗಿಂತ ಆಳಕ್ಕೆ ಹೋದರೆ ಮೇಲೇಳದು. ಮೊದಲ ವರ್ಷ ಕುರಿ ಬಿಡಬೇಡಿ, ಬೇರು ಸಮೇತ ಕಿತ್ತುಬಿಡುತ್ತವೆ. ಬೀಜ ಉದುರಿದ ಮೇಲೆ ಕೊಯ್ದು ಹಾಕಿ.

ಎರಡು ಎಕರೆಯನ್ನು ಹತ್ತು ಹತ್ತು ಗುಂಟೆಯ ಎಂಟು ತಾಕು ಮಾಡಿ. ಸುತ್ತ ಕಾಯಂ ಬೇಲಿ, ಒಳಗೆ ಮೂರಡಿ ಎತ್ತರದ ನೈಲಾನ್ ಬಲೆ, ಹತ್ತಡಿಗೊಂದು ಗೂಟ. ಒಂದು ತಾಕಿನಲ್ಲಿ ನಾಲ್ಕು ದಿನ, ಹೆಚ್ಚೆಂದರೆ ಐದು. ಅಷ್ಟರೊಳಗೇ ಹುಲ್ಲು ನಾಲ್ಕು ಬೆರಳಿಗೆ ಇಳಿದರೆ ಅಂದೇ ಹೊರಡಿಸಿ.

ಈ ಐದು ದಿನದ ಗಡುವು ಹುಲ್ಲಿಗಿಂತ ಹೆಚ್ಚಾಗಿ ಹುಳುವಿಗಾಗಿ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಜಂತಿನ ಮೊಟ್ಟೆ ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ಬೆಚ್ಚಗೆ ತೇವವಿದ್ದರೆ ವಾರದೊಳಗೆ ಮರಿಹುಳುವಾಗಿ ಹುಲ್ಲಿನ ಬುಡದ ಎರಡು ಇಂಚಿನಲ್ಲೇ ಹತ್ತಿ ಕೂರುತ್ತದೆ. ಕುರಿ ಅಲ್ಲೇ ಉಳಿದು ಬುಡ ಕಚ್ಚಿದರೆ ತನ್ನ ಹುಳುವನ್ನೇ ತಾನು ನುಂಗುತ್ತದೆ. ನಾಲ್ಕೈದು ದಿನಕ್ಕೊಂದರಂತೆ ಸುತ್ತುವಾಗ 28ರಿಂದ 35 ದಿನ ಖಾಲಿ ಉಳಿದ ತಾಕಿನಲ್ಲಿ ಬಿಸಿಲಿಗೆ ಹೆಚ್ಚಿನವು ಸತ್ತಿರುತ್ತವೆ. ಬೆಳಿಗ್ಗೆ ಇಬ್ಬನಿ ಆರುವ ತನಕ ರೊಪ್ಪದಿಂದ ಹೊರಗೆ ಬಿಡಬಾರದೆಂದು ಹಿರಿಯರು ಹೇಳುವುದೂ ಇದಕ್ಕೇ: ತೇವವಿದ್ದಾಗಲೇ ಹುಳು ಮೇಲೇರುತ್ತದೆ.

ಹದಿನೈದು ದಿನಕ್ಕೊಮ್ಮೆ ಪ್ರತಿ ಕುರಿಯ ಕೆಳಗಿನ ಕಣ್ಣುರೆಪ್ಪೆ ಬಿಡಿಸಿ ನೋಡಿ. ಒಳಭಾಗ ಕೆಂಪಗಿದ್ದರೆ ಜಂತಿನ ಔಷಧಿ ಬೇಡ. ಬಿಳಿಚಿಕೊಂಡಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಊತವಿದ್ದರೆ ಅದಕ್ಕೆ ಮಾತ್ರ ಕುಡಿಸಿ, ತೂಕ ಹಾಕಿಯೇ ಕುಡಿಸಿ. ಅಂದಾಜಿಗೆ ಕಡಿಮೆ ಹಾಕಿದರೆ ಹುಳು ಸಾಯದೆ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಗಬ್ಬವಾದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಎಂಬ ಜಂತಿನ ಔಷಧಿ ಮುಟ್ಟಬೇಡಿ, ಮರಿಗೆ ಕೇಡು.

ಕರುಳು ಬೇನೆಯ ಲಸಿಕೆ ಭರಣಿ ಮಳೆಗೆ ಮೊದಲೇ, ಏಪ್ರಿಲ್ ಮೊದಲರ್ಧದಲ್ಲಿ ಆಗಬೇಕು. ಒಣ ಮೇವಿಗೆ ಒಗ್ಗಿದ ಹೊಟ್ಟೆಗೆ ಎಳೆ ಹುಲ್ಲು ಒಮ್ಮೆಲೇ ಬಿದ್ದರೆ ಕರುಳಿನಲ್ಲಿರುವ ಅಣುಜೀವಿ ವಿಪರೀತ ಬೆಳೆದು ವಿಷ ಬಿಡುತ್ತದೆ. ರಾತ್ರಿ ಚೆನ್ನಾಗಿದ್ದ, ಮಂದೆಯಲ್ಲೇ ದುಂಡಗಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಮೊದಲ ಸಲ ಲಸಿಕೆ ಪಡೆದ ಮರಿಗೆ ಎರಡು ಮೂರು ವಾರದಲ್ಲಿ ಇನ್ನೊಂದು ಡೋಸ್ ಬೇಕು. ಹೊಸ ಹುಲ್ಲಿಗೆ ಬಿಡುವ ಮೊದಲ ವಾರ ರೊಪ್ಪದಲ್ಲಿ ರಾಗಿಹುಲ್ಲು ತಿನ್ನಿಸಿಯೇ ಹೊರಡಿಸಿ. ಪಕ್ಕದ ಹೊಲದ ಕೂಳೆ ಜೋಳ ಚಿಗುರಿದ್ದರೆ ಅತ್ತ ಸುಳಿಯಗೊಡಬೇಡಿ. ಎಳೆ ಜೋಳದ ಸಯನೈಡ್ ನಿಮಿಷಗಳಲ್ಲಿ ಕುರಿಯನ್ನು ಕೆಡವುತ್ತದೆ.

ಹಸುವಿಗೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕುವುದು ಎಷ್ಟೋ ಮನೆಗಳಲ್ಲಿ ರೂಢಿ. ಇದನ್ನು ಇಂದೇ ನಿಲ್ಲಿಸಿ. ಅದರಲ್ಲಿರುವ ತಾಮ್ರ ಕುರಿಯ ಯಕೃತ್ತಿನಲ್ಲಿ ಸೇರುತ್ತಾ ಹೋಗಿ ಒಂದು ದಿನ ಕೊಲ್ಲುತ್ತದೆ. ಕುರಿಯದ್ದೇ ಮಿಶ್ರಣ ಕೇಳಿ ತನ್ನಿ.

ಬೇಸಿಗೆಯ ಸೊಪ್ಪಿನ ಮೇವಿಗೆ ಬೇಲಿಯುದ್ದಕ್ಕೂ ಅಗಸೆ, ಗ್ಲಿರಿಸಿಡಿಯಾ ಮರ ನೆಡಿ. ಸೆಪ್ಟೆಂಬರ್‌ನಲ್ಲಿ ಮಿಕ್ಕ ಹುಲ್ಲನ್ನು ಹೂ ಬರುವಾಗಲೇ ಕೊಯ್ದು ಒಣಗಿಸಿ ಬಣವೆ ಹಾಕಿ. ಬಲಿತ ಮೇಲೆ ಕೊಯ್ದರೆ ಬರೀ ಕಡ್ಡಿ.

ಬನ್ನೂರು ಮರಿ ನಿಧಾನ ಬೆಳೆಯುತ್ತದೆ. ವರ್ಷಕ್ಕೆ 20 ಕೆಜಿ ಆಸುಪಾಸು ಬಂದರೆ ಚೆನ್ನಾಗಿ ಮೇಯಿಸಿದ್ದೀರೆಂದೇ ಲೆಕ್ಕ. ಮಾರುವಾಗ ಕಣ್ಣಳತೆಗೆ ಒಪ್ಪಬೇಡಿ. ಕುಳ್ಳಗೆ ಗಟ್ಟಿ ಮೈಯ ಈ ತಳಿ ನೋಡಲು ಚಿಕ್ಕದಾಗಿ ಕಾಣುವುದರಿಂದ ನಷ್ಟ ಯಾವಾಗಲೂ ಸಾಕಿದವರಿಗೇ. ನೇತುಹಾಕುವ ತಕ್ಕಡಿಗೆ ಗೋಣಿಚೀಲದ ಜೋಲಿ ಕಟ್ಟಿ, ಬೆಳಿಗ್ಗೆ ಮೇಯಲು ಬಿಡುವ ಮೊದಲು ತೂಗಿ, ಕೆಜಿ ಲೆಕ್ಕದಲ್ಲೇ ಬೆಲೆ ಕೇಳಿ.