ನರ್ಸಿಂಗ್ ಹೋಂ ಬಿಟ್ಟ ಮೇಲೂ ನಮಗೆ ಕೆಲಸ ಇದೆ: ನನ್ನ ಅನುಭವ

ಹಾಸನದಲ್ಲಿ ನರ್ಸಿಂಗ್ ಹೋಂಗಳಿಗೇನೂ ಕೊರತೆ ಇಲ್ಲ. ನರ್ಸಿಂಗ್ ಅಸಿಸ್ಟೆಂಟ್ ಕೆಲಸ ಕಲಿತ ನಮ್ಮಂಥ ಹುಡುಗಿಯರು ಮೊದಲು ಸೇರೋದೇ ಅಲ್ಲಿಗೆ. ನಾನೂ ಪಿಯುಸಿ ಆದ ಮೇಲೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮಾಡಿಕೊಂಡು ಒಂದು ಕಡೆ ಸೇರಿದೆ. ವರ್ಷಗಟ್ಟಲೆ ವಾರ್ಡ್ ಡ್ಯೂಟಿ ಮಾಡಿದೆ. ಸಂಬಳ ಹೆಚ್ಚಲಿಲ್ಲ, ನೈಟ್ ಡ್ಯೂಟಿ ಕಡಿಮೆ ಆಗಲಿಲ್ಲ, ರಜೆ ಕೇಳಿದರೆ ಮುಖ ಸಿಂಡರಿಸೋರು. ನನ್ನ ಜೊತೆಗಿದ್ದವರಲ್ಲಿ ಸುಮಾರು ಜನ ಬೇಸತ್ತು ಬಟ್ಟೆ ಅಂಗಡಿಗೆ, ಮೊಬೈಲ್ ಅಂಗಡಿಗೆ ಸೇರಿಬಿಟ್ಟರು. ಆ ಕೆಲಸ ಕೀಳು ಅಂತ ಹೇಳ್ತಿಲ್ಲ. ಆದರೆ ಎದ್ದೇಳಲಾಗದ ಮನುಷ್ಯನಿಗೆ ನೋವಾಗದ ಹಾಗೆ ಮೈ ಒರೆಸಿ, ಮಗ್ಗುಲು ತಿರುಗಿಸಿ, ಬೆಡ್‌ಶೀಟ್ ಬದಲಿಸೋದನ್ನು ಕಲಿತವರು ಅದನ್ನು ಬಿಟ್ಟು ಹೋದರೆ ಎಷ್ಟು ನಷ್ಟ ಅಲ್ವಾ?

ನಾನು ನರ್ಸಿಂಗ್ ಹೋಂ ಬಿಟ್ಟು ಹೋಗಿದ್ದು ಮನೆಗಳಿಗೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ಈಗ ವಯಸ್ಸಾದವರಷ್ಟೇ ಇದ್ದಾರೆ, ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರ್ತಾರೆ. ಲಕ್ವ ಹೊಡೆದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದವರನ್ನು ನೋಡಿಕೊಳ್ಳೋಕೆ ಅಲ್ಲಿ ಯಾರೂ ಇಲ್ಲ. ಮನೆಕೆಲಸದವರಿಗೆ ಪಾಪ, ಆ ಕೆಲಸ ಗೊತ್ತಿರಲ್ಲ.

ನಾನು ಮೊದಲು ಹೋದ ಮನೆಯ ಅಜ್ಜನಿಗೆ ಎಡಗೈ ಎಡಗಾಲು ಬಿದ್ದುಹೋಗಿತ್ತು. ಮನೆಯವರು ಪ್ರೀತಿಯಿಂದಲೇ ಅವರನ್ನು ಎಬ್ಬಿಸ್ತಿದ್ದರು, ಆದರೆ ಎಡಗೈ ಹಿಡಿದು ಎಳೆದು ಎಬ್ಬಿಸ್ತಿದ್ದರು. ಶಕ್ತಿ ಇಲ್ಲದ ಕೈಯನ್ನು ಹಾಗೆ ಎಳೆದರೆ ಭುಜದ ಕೀಲು ಸಡಿಲ ಆಗುತ್ತೆ, ಆಮೇಲೆ ಆ ನೋವು ತಿಂಗಳುಗಟ್ಟಲೆ ಹೋಗಲ್ಲ. ನಾನು ಕುರ್ಚಿಯನ್ನು ಅವರ ಬಲಗಡೆಗೆ, ಅಂದರೆ ಶಕ್ತಿ ಇರೋ ಕಡೆಗೆ ಹಾಕಿದೆ. ಮಂಚದ ತುದಿಗೆ ಕೂರಿಸಿ, ಪಾದ ಎರಡೂ ನೆಲಕ್ಕೆ ಊರಿದ್ದಾವಾ ಅಂತ ನೋಡಿ, ನನ್ನ ಮಂಡಿಯನ್ನು ಅವರ ಎಡಮಂಡಿಗೆ ಒತ್ತುಕೊಟ್ಟು, ಸೊಂಟಕ್ಕೆ ಸುತ್ತಿದ ಬೆಲ್ಟ್ ಹಿಡಿದು, 'ಅಜ್ಜ, ಮುಂದಕ್ಕೆ ಬಗ್ಗಿ, ಈಗ ಏಳಿ' ಅಂದೆ. ಎದ್ದರು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು, 'ಇಷ್ಟು ದಿನ ಮೂರು ಜನ ಬೇಕಿತ್ತು ಕಣಮ್ಮ' ಅಂದರು. ವಾರ್ಡಲ್ಲಿ ದಿನಾ ಮಾಡ್ತಿದ್ದ ಕೆಲಸಾನೇ ಅದು, ಅಲ್ಲಿ ಯಾರೂ ಒಂದು ಮಾತು ಹೇಳಿದ್ದಿಲ್ಲ.

ಮಲಗಿದಲ್ಲೇ ಇರೋರಿಗೆ ಆಗೋ ಬೆನ್ನಿನ ಹುಣ್ಣಿನ ವಿಷಯವೂ ಹಾಗೇನೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಎಲ್ಲರೂ ಹೇಳ್ತಾರೆ, ಆದರೆ ಹುಣ್ಣು ಶುರುವಾಗೋದನ್ನು ಗುರುತು ಹಿಡಿಯೋದು ನಮ್ಮ ಕೈಯಲ್ಲಿದೆ. ಸೊಂಟದ ಕೆಳಗೆ, ಹಿಮ್ಮಡಿ ಮೇಲೆ ಕೆಂಪಾಗಿರೋ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಪರವಾಗಿಲ್ಲ, ಕೆಂಪು ಹಾಗೇ ನಿಂತರೆ ಹುಣ್ಣು ಶುರುವಾಗಿದೆ. ನಮ್ಮವರ ಕಪ್ಪು ಮೈಯಲ್ಲಿ ಕೆಂಪು ಬೇಗ ಕಾಣಲ್ಲ, ಅದಕ್ಕೆ ಕೈಯಿಟ್ಟು ನೋಡಬೇಕು, ಪಕ್ಕದ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ.

ಮನೆಗೆ ಹೋಗೋ ಮುಂಚೆ ಮಾತಾಡಿಕೊಳ್ಳಬೇಕಾದ್ದು ತುಂಬಾ ಇದೆ, ನಾನು ಬರೆಯೋಕೆ ಕೂತಿದ್ದೇ ಮುಖ್ಯವಾಗಿ ಇದಕ್ಕೆ. ನಾವು ನರ್ಸ್ ಅಲ್ಲ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಇಲ್ಲಾ ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವರು ನರ್ಸ್. ಇಂಜೆಕ್ಷನ್, ಡ್ರಿಪ್, ಮೂಗಿನ ಟ್ಯೂಬ್ ಹಾಕೋದು, ಕ್ಯಾಥೆಟರ್ (ಮೂತ್ರದ ಟ್ಯೂಬ್) ಬದಲಿಸೋದು ನಮ್ಮ ಕೆಲಸ ಅಲ್ಲ. ಮನೆಯವರು 'ಸಿಸ್ಟರ್, ನೀವೇ ಒಂದು ಚುಚ್ಚಿಬಿಡಿ, ಟೌನ್‌ಗೆ ಯಾರು ಹೋಗ್ತಾರೆ' ಅಂತಾರೆ. ಆಗಲ್ಲ ಅಂತ ಮೊದಲನೇ ದಿನವೇ ಹೇಳಬೇಕು. ಮೂಗಿಗೆ ಹಾಕಿರೋ ಟ್ಯೂಬಲ್ಲಿ ಡಾಕ್ಟರ್ ಹೇಳಿದ ಅಳತೆಗೆ ಊಟ ಕೊಡೋದನ್ನು ನರ್ಸ್ ಹತ್ತಿರ ನಿಂತು ಕಲಿತಿದ್ದರೆ ಮಾಡಬಹುದು, ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಿಯೇ ಕೊಡಬೇಕು, ಕೊಟ್ಟ ತಕ್ಷಣ ಮಲಗಿಸಬಾರದು.

ಮತ್ತೆ ಮನೆಗೆಲಸ. ಪೇಶೆಂಟ್ ಬಟ್ಟೆ, ಪೇಶೆಂಟ್ ಪಾತ್ರೆ, ಪೇಶೆಂಟ್ ರೂಮ್, ಇಷ್ಟು ನನ್ನದು. ಇಡೀ ಮನೆಗೆ ಅಡುಗೆ, ಕಾಫಿ ಕೊಯ್ಲಿನ ಸಮಯದಲ್ಲಿ ಆಳುಗಳಿಗೆ ತಿಂಡಿ, ಇವೆಲ್ಲ ಸುಮ್ನೆ ಬಂದು ಸೇರಿಕೊಳ್ತವೆ. ಎಷ್ಟು ಹೊತ್ತು ಡ್ಯೂಟಿ, ಮಲಗೋ ರೂಮಿಗೆ ಒಳಗಿಂದ ಚಿಲಕ ಇದೆಯಾ, ವಾರದ ರಜೆ ಯಾವತ್ತು, ಊರಿಗೆ ಹೋಗೋಕೆ ಬಸ್ಸಿದೆಯಾ, ಎಲ್ಲಾ ಕೇಳಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಏಜೆನ್ಸಿ ಕಡೆಯಿಂದ ಹೋಗೋದಾದರೆ ಮನೆಯವರು ಏಜೆನ್ಸಿಗೆ ಎಷ್ಟು ಕೊಡ್ತಾರೆ ಅಂತಲೂ ಕೇಳಿ. ನನಗೆ ಅದು ಗೊತ್ತಾದ ದಿನವೇ ಏಜೆನ್ಸಿ ಬಿಟ್ಟೆ. ಈಗ ಡಾಕ್ಟರುಗಳು, ಫಿಸಿಯೋಥೆರಪಿಯವರು ನೇರವಾಗಿ ನನ್ನ ನಂಬರ್ ಕೊಡ್ತಾರೆ.

ಅವರು ಕೊಡೋಕೆ ಕಾರಣ ನನ್ನ ನೋಟ್‌ಬುಕ್. ಬಿಪಿ, ಶುಗರ್, ಎಷ್ಟು ಊಟ, ಮೂತ್ರ ಎಷ್ಟು, ಬಣ್ಣ ಹೇಗಿತ್ತು, ಮೋಷನ್ ಆಯ್ತಾ, ಯಾವ ಮಗ್ಗುಲಲ್ಲಿ ಎಷ್ಟು ಹೊತ್ತು ಮಲಗಿದರು, ಎಲ್ಲಾ ಟೈಮ್ ಹಾಕಿ ಬರೀತೀನಿ. ಮೂತ್ರ ಕಮ್ಮಿ ಆಗಿ ಬಣ್ಣ ಗಾಢ ಆಗಿದೆ ಅಂತ ನೋಟ್‌ಬುಕ್ಕಲ್ಲಿ ನೋಡಿಯೇ ಒಬ್ಬ ಡಾಕ್ಟರ್ ಅಜ್ಜನಿಗೆ ನೀರಿನ ಅಳತೆ ಬದಲಿಸಿದರು.

ಮನೆಗಳಿಗೆ ಹೋಗೋದು ಎಲ್ಲರಿಗೂ ಒಗ್ಗಲ್ಲ. ಚಿಕ್ಕ ಮಕ್ಕಳಿದ್ದರೆ ಕಷ್ಟ. ಅಂಥವರಿಗೆ ಫ್ಯಾಕ್ಟರಿ ಒಳ್ಳೇದು. 500ಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಗಾಯ ಆದವರನ್ನು, ಹುಷಾರು ತಪ್ಪಿದವರನ್ನು ನೋಡೋ ಆಂಬ್ಯುಲೆನ್ಸ್ ರೂಮ್ ಇರಬೇಕು ಅನ್ನೋದು 1948ರ ಫ್ಯಾಕ್ಟರೀಸ್ ಆ್ಯಕ್ಟ್ ಕಾಲದಿಂದ ಬಂದ ನಿಯಮ, ಕೆಲಸಗಾರರು ಜಾಸ್ತಿ ಇರೋ ಕಡೆ ಮಕ್ಕಳನ್ನು ನೋಡಿಕೊಳ್ಳೋ ಕೋಣೆಯೂ ಬೇಕು. ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ನರ್ಸ್ ಕೈಕೆಳಗೆ ಸಹಾಯಕರಾಗಿ, ಇಲ್ಲಾ ಮಕ್ಕಳ ಕೋಣೆಯಲ್ಲಿ ಕೆಲಸ ಇರುತ್ತೆ. ನನ್ನ ಗೆಳತಿ ಒಬ್ಬಳು ಅಂಥ ಕೋಣೆಯಲ್ಲಿದ್ದಾಳೆ. ಸಂಬಳ ನನಗಿಂತ ಕಮ್ಮಿ, ಆದರೆ ಪಿಎಫ್ ಇದೆ, 21,000 ರೂಪಾಯಿ ಒಳಗಿನ ಸಂಬಳಕ್ಕೆ ಇಎಸ್‌ಐ ಅನ್ನೋ ಆರೋಗ್ಯ ವಿಮೆ ಇದೆ, ಸಂಜೆ ಮನೆಗೆ ಬರ್ತಾಳೆ. ಚಿಕ್ಕಮಗಳೂರು ಕಡೆ ದೊಡ್ಡ ಎಸ್ಟೇಟುಗಳ ಡಿಸ್ಪೆನ್ಸರಿಗಳಲ್ಲೂ ಕೇಳಿ ನೋಡಬಹುದು.

ಇನ್ನೂ ಓದೋ ಮನಸ್ಸಿದ್ದವರು ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾಗಳನ್ನು ನೋಡಿ. ಡಯಾಲಿಸಿಸ್, ಲ್ಯಾಬ್, ಆಪರೇಷನ್ ಥಿಯೇಟರ್ ಅಂತ ಬೇರೆ ಬೇರೆ ಇವೆ. ನನ್ನ ಕೇಳಿದರೆ ಡಯಾಲಿಸಿಸ್ ಅಂತೀನಿ. ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ಗಂಟೆ ಮಲಗೋ ಅದೇ ಪೇಶೆಂಟ್‌ಗಳನ್ನು ವರ್ಷಗಟ್ಟಲೆ ನೋಡಿಕೊಳ್ಳೋ ಕೆಲಸ ಅದು, ವಾರ್ಡಲ್ಲಿ ಜನರ ಜೊತೆ ಮಾತಾಡಿ ಅಭ್ಯಾಸ ಇರೋರಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಸೇರೋ ಮೊದಲು ಆ ಕಾಲೇಜಿಗೆ ಬೋರ್ಡ್ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳಿ. ಮಾನ್ಯತೆ ಇಲ್ಲದ ಕಡೆ ಸರ್ಟಿಫಿಕೇಟ್ ತಗೊಂಡು ಬಂದವರಿಗೆ ಆಸ್ಪತ್ರೆಗಳು ಮತ್ತೆ ಅದೇ ವಾರ್ಡ್ ಡ್ಯೂಟಿಯನ್ನೇ ಕೊಡ್ತವೆ.