ಮುದ್ದೆ ಬಿಡದೆ ಇನ್ಸುಲಿನ್ ಇಳಿಸಿದೆ: ಪಿಸಿಒಎಸ್‌ ಜೊತೆ ನನ್ನ ಅನುಭವ

ನನಗಿರುವುದು ಪಿಸಿಒಎಸ್‌, ಅಂದರೆ ಹಾರ್ಮೋನುಗಳು ಏರುಪೇರಾಗಿ ಮುಟ್ಟು ತಪ್ಪುವ, ಹಲವರಲ್ಲಿ ಇನ್ಸುಲಿನ್ ಕೂಡ ಏರಿರುವ ತೊಂದರೆ. ನನ್ನ ಖಾಲಿ ಹೊಟ್ಟೆಯ ಇನ್ಸುಲಿನ್ 24ರ ಆಸುಪಾಸಿನಿಂದ 9ಕ್ಕೆ ಇಳಿದಿದೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಅದೂ ಮಾತ್ರೆ ನುಂಗಿದರೆ ಆಗುತ್ತಿದ್ದ ಮುಟ್ಟು ಈಗ 33–35 ದಿನಕ್ಕೆ ತಾನಾಗಿಯೇ ಆಗುತ್ತಿದೆ. ಮುದ್ದೆಯನ್ನೂ ಬಿಟ್ಟಿಲ್ಲ, ಅನ್ನವನ್ನೂ ಬಿಟ್ಟಿಲ್ಲ. ತುಮಕೂರಿನ ಸೊಸೆ ಮುದ್ದೆ ತಿನ್ನುತ್ತಲೇ ಇದನ್ನು ಸಾಧಿಸುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ, ಬ್ಯಾಂಕಿನ ಗೆಳತಿಯರೂ ನಂಬಲಿಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಜಿಮ್‌ಗೆ ವರ್ಷದ ಶುಲ್ಕ 14 ಸಾವಿರ ಕಟ್ಟಿದೆ. ಅಲ್ಲಿ ನನ್ನನ್ನು ಒಂದು ಗಂಟೆ ಟ್ರೆಡ್‌ಮಿಲ್ ಮೇಲೆ ಓಡಿಸಿದರೇ ಹೊರತು ಭಾರ ಎತ್ತಲು ಬಿಡಲಿಲ್ಲ. ಜಾಹೀರಾತು ನೋಡಿ ತರಿಸಿದ 'ಹಾರ್ಮೋನ್ ಪುಡಿ'ಗೆ ಮೂರು ತಿಂಗಳಲ್ಲಿ 12 ಸಾವಿರ ಹೋಯಿತು, ಆಗಿದ್ದು ಹೊಟ್ಟೆ ಉಬ್ಬರ ಮಾತ್ರ. ಆಮೇಲೆ ಕೀಟೋ, ಅಂದರೆ ಪಿಷ್ಟವನ್ನು ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚಾಗಿ ತಿನ್ನುವ ಪಥ್ಯ. ಪನೀರು, ಬಾದಾಮಿ, ಬೆಣ್ಣೆಗೆ ತಿಂಗಳಿಗೆ ಎಂಟೊಂಬತ್ತು ಸಾವಿರ. ತೂಕ ಆರು ಕಿಲೋ ಇಳಿಯಿತು, ನಿಜ. ನಾದಿನಿಯ ಮದುವೆಯ ಓಡಾಟದಲ್ಲಿ ಪಥ್ಯ ತಪ್ಪಿದ್ದೇ ತಡ, ಅಷ್ಟೂ ವಾಪಸು ಬಂತು. ಒಟ್ಟು ಅರವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಈಗಿನ ದಾರಿಗೆ ಖರ್ಚಾಗಿದ್ದು ಗ್ಲುಕೋಮೀಟರ್, ಸ್ಟ್ರಿಪ್‌ಗಳು, ಒಂದು ಜೊತೆ ಡಂಬೆಲ್ ಎಲ್ಲ ಸೇರಿ ನಾಲ್ಕೈದು ಸಾವಿರ.

ವರ್ಷಗಟ್ಟಲೆ ನನ್ನ ಖಾಲಿ ಹೊಟ್ಟೆಯ ಸಕ್ಕರೆ 98ರ ಸುತ್ತ ಬರುತ್ತಿತ್ತು. ನೂರರೊಳಗಿದೆ, ತೊಂದರೆಯಿಲ್ಲ ಎಂದು ಕಳುಹಿಸಿಬಿಡುತ್ತಿದ್ದರು. ಇನ್ಸುಲಿನ್ ಏರಿರುವುದರ ಕುರುಹಾಗಿ ಕತ್ತಿನ ಹಿಂಭಾಗ ಕಪ್ಪಾಗಿದ್ದನ್ನು ಯಾರೂ ಕೇಳಲಿಲ್ಲ. ಸಕ್ಕರೆಯನ್ನು ಅಷ್ಟರಲ್ಲಿ ಹಿಡಿದಿಡಲು ದೇಹ ಎಷ್ಟು ಇನ್ಸುಲಿನ್ ಸುರಿಯುತ್ತಿದೆ ಎಂಬುದು ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಏಳುನೂರು ಚಿಲ್ಲರೆ ರೂಪಾಯಿಯ ಇನ್ಸುಲಿನ್ ಪರೀಕ್ಷೆಯನ್ನು ನಾನೇ ಹಟ ಹಿಡಿದು ಮಾಡಿಸಿದೆ. ಸಕ್ಕರೆ, ಇನ್ಸುಲಿನ್ ಎರಡರ ಅಂಕಿಯನ್ನೂ ಗುಣಿಸಿ 405ರಿಂದ ಭಾಗಿಸಿದರೆ ಹೋಮಾ-ಐಆರ್ (ದೇಹ ಇನ್ಸುಲಿನ್‌ಗೆ ಎಷ್ಟು ಜಗ್ಗುತ್ತಿಲ್ಲ ಎಂಬುದರ ಅಳತೆ) 6ರ ಹತ್ತಿರ ಬಂತು. ಈಗ 2ರೊಳಗಿದೆ.

ಅಲ್ಲಿಂದ ನನ್ನ ತಟ್ಟೆಯನ್ನು ನಾನೇ ಅಳೆಯಲು ಕುಳಿತೆ. ಊಟ ಶುರುವಾದ ಒಂದು ಗಂಟೆಗೆ ಬೆರಳು ಚುಚ್ಚುವುದು, ಅದೇ ಊಟವನ್ನು ಇನ್ನೊಂದು ದಿನ ಮತ್ತೆ ಪರೀಕ್ಷಿಸುವುದು. ಮೀಟರಿನಲ್ಲಿ ಶೇ 15ರಷ್ಟು ಹೆಚ್ಚುಕಡಿಮೆ ಇರಬಹುದಾದ್ದರಿಂದ ಒಂದೇ ಅಂಕಿಯನ್ನು ನಂಬಬೇಡಿ. ಆರೋಗ್ಯಕ್ಕೆ ಒಳ್ಳೆಯದೆಂದು ಬೆಳಿಗ್ಗೆ ಕುಡಿಯುತ್ತಿದ್ದ ರಾಗಿ ಗಂಜಿ ಸಕ್ಕರೆಯನ್ನು 170 ದಾಟಿಸಿತು. ನುಣ್ಣಗೆ ಬೀಸಿದ ಹಿಟ್ಟು, ತೆಳ್ಳಗೆ ಬೇಯಿಸಿದ್ದು, ಸರಸರನೆ ರಕ್ತ ಸೇರುತ್ತದೆ. ದೊಡ್ಡ ಮುದ್ದೆ, ಬರೀ ಸಾರು: 160. ಸೊಪ್ಪು, ಈರುಳ್ಳಿ, ಕಡಲೆಬೀಜ ಹಾಕಿ ತಟ್ಟಿದ ರಾಗಿ ರೊಟ್ಟಿ: 135. "ನಮ್ಮಪ್ಪ ತೊಂಬತ್ತರ ತನಕ ಮುದ್ದೆಯನ್ನೇ ತಿಂದು ಬದುಕಲಿಲ್ಲವೇನಮ್ಮ?" ಎಂದು ಅತ್ತೆ ಮುನಿಸಿಕೊಂಡರು. ಅವರಪ್ಪ ದಿನವಿಡೀ ಹೊಲದಲ್ಲಿ ನೇಗಿಲು ಹಿಡಿದವರು, ನಾನು ಕೌಂಟರಿನಲ್ಲಿ ಏಳು ಗಂಟೆ ಕೂರುವವಳು.

ಕೊನೆಗೆ ನಿಂತ ಕ್ರಮ ಇದು. ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ ಅಥವಾ ಕೋಸಂಬರಿ. ಆಮೇಲೆ ಸಾರಿನ ಕಾಳನ್ನೆಲ್ಲ ಸೋಸಿ ಬಟ್ಟಲಿಗೆ ಹಾಕಿಕೊಂಡು ತಿನ್ನುವುದು. ಹುರುಳಿ, ಹೆಸರು, ಅವರೆ ಯಾವುದಾದರೂ ಸರಿ, ಜೊತೆಗೆ ಎರಡು ಮೊಟ್ಟೆ. ಹತ್ತು ನಿಮಿಷ ಕಳೆದ ಮೇಲೆ ಮುದ್ದೆ. ಮೊದಲು ಕಾಲು ಕಿಲೋ ತೂಗುತ್ತಿದ್ದ ಮುದ್ದೆ ಈಗ 130 ಗ್ರಾಂ. ತಕ್ಕಡಿಯಲ್ಲಿಟ್ಟು ತೂಗಿ, ಕೈಗೆ ಅಂದಾಜು ಕೂರುವವರೆಗೂ ಬಿಡಲಿಲ್ಲ. ಒಂದು ಗಂಟೆಯ ಸಕ್ಕರೆ 130ಕ್ಕೆ ಬಂತು. ಉಂಡು ಕೈ ತೊಳೆದ ತಕ್ಷಣ ಕಾಲು ಗಂಟೆ ಬೀದಿಯಲ್ಲಿ ನಡೆದರೆ 115–120. ಒಂದು ರೂಪಾಯಿ ಖರ್ಚಿಲ್ಲದ ಈ ನಡಿಗೆಗೆ ನನ್ನ ಅನುಭವದಲ್ಲಿ ಸಮನಾದುದು ಯಾವುದೂ ಇಲ್ಲ. ದಿನಕ್ಕೆ ನಾಲ್ಕು ಬಾರಿ ಎರಡೆರಡು ಚಮಚ ಸಕ್ಕರೆ ಹಾಕಿ ಕುಡಿಯುತ್ತಿದ್ದ ಬ್ಯಾಂಕಿನ ಕಾಫಿ ಈಗ ಎರಡೇ ಲೋಟ, ಸಕ್ಕರೆ ಇಲ್ಲ. ಮೊದಲೆರಡು ವಾರ ಬಾಯಿಗೆ ಹತ್ತಲಿಲ್ಲ, ಆಮೇಲೆ ಸಕ್ಕರೆ ಹಾಕಿದ್ದೇ ಅತಿ ಸಿಹಿ ಎನಿಸಿತು.

ಊಟಕ್ಕೆ ಮೊದಲು ನಾನು ಒಂದು ಚಮಚ ತಿನ್ನುವ ಪುಡಿಯೊಂದಿದೆ. ಹುಚ್ಚೆಳ್ಳು, ಅಗಸೆ, ಹುರುಳಿ ಅದರಲ್ಲಿವೆ ಎಂದಷ್ಟೇ ಹೇಳುತ್ತೇನೆ. ಅಳತೆಯನ್ನು ಬರೆಯುವುದಿಲ್ಲ, ನಾದಿನಿ ಅದನ್ನು ಮಾಡಿ ಮಾರುವ ಯೋಚನೆಯಲ್ಲಿದ್ದಾಳೆ.

ವ್ಯಾಯಾಮ ಎಂದರೆ ಬಸ್ಕಿ. ವಾರಕ್ಕೆ ಮೂರ್ನಾಲ್ಕು ದಿನ, ಹತ್ತರಿಂದ ಶುರುಮಾಡಿ ಈಗ ಡಂಬೆಲ್ ಹಿಡಿದು ಅರವತ್ತು ಹೊಡೆಯುತ್ತೇನೆ. ತೊಡೆಯ ದೊಡ್ಡ ಸ್ನಾಯುಗಳು ದುಡಿದರೆ ಸಕ್ಕರೆಯನ್ನು ಅವೇ ಎಳೆದುಕೊಳ್ಳುತ್ತವೆ, ಅದಕ್ಕೆ ಅಷ್ಟು ಇನ್ಸುಲಿನ್ ಬೇಡ. ಇದನ್ನು ಪರೀಕ್ಷಿಸಲೆಂದೇ ಎರಡು ಭಾನುವಾರ ಕ್ಯಾತ್ಸಂದ್ರಕ್ಕೆ ಹೋಗಿ ಎರಡೆರಡು ತಟ್ಟೆ ಇಡ್ಲಿ ತಿಂದೆವು. ಸುಮ್ಮನೆ ಕುಳಿತ ವಾರ 175 ಬಂದಿದ್ದ ಸಕ್ಕರೆ, ತಿಂದೊಡನೆ ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲು ಹತ್ತಿದ ವಾರ 120ರ ಆಚೀಚೆ ನಿಂತಿತು. ನನ್ನವರು ಮೀಟರ್ ಕೆಟ್ಟಿದೆಯೆಂದು ತಮ್ಮ ಬೆರಳನ್ನೂ ಚುಚ್ಚಿಸಿಕೊಂಡರು.

ತೂಕ 78ರಿಂದ 71ಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯಿತು. ಮುಟ್ಟು ಮಾತ್ರ ಅದಕ್ಕೂ ಮೊದಲೇ, ನಾಲ್ಕು ಕಿಲೋ ಇಳಿಯುವ ಹೊತ್ತಿಗೇ ದಾರಿಗೆ ಬಂದಿತ್ತು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲೆಂದು ವೈದ್ಯರು ಕೊಟ್ಟಿದ್ದ ಮೆಟ್‌ಫಾರ್ಮಿನ್ ಮಾತ್ರೆಯನ್ನು ನಾನಾಗಿ ನಿಲ್ಲಿಸಲಿಲ್ಲ. ವರದಿ ನೋಡಿದ ಮೇಲೆ ವೈದ್ಯರೇ ಪ್ರಮಾಣ ಇಳಿಸಿದರು. ಅದನ್ನು ವರ್ಷಗಟ್ಟಲೆ ನುಂಗುವವರು ಬಿ12 ವಿಟಮಿನ್ ನೋಡಿಸಿಕೊಳ್ಳಿ, ನನ್ನದು ಪಾತಾಳಕ್ಕಿಳಿದಿತ್ತು. ಮೂರು ತಿಂಗಳು ಮುಟ್ಟಾಗದಿದ್ದರೆ ಪಥ್ಯವನ್ನೇ ನಂಬಿ ಕೂರಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ.

ಉಳಿದಿರುವುದು ಗಲ್ಲದ ಕೂದಲು. ಪುದೀನ ಚಹಾದಿಂದ ಈ ಕೂದಲಿಗೆ ಕಾರಣವಾಗುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್‌ನಲ್ಲಿ ರಕ್ತದಲ್ಲಿ ಬಿಡಿಯಾಗಿರುವ ಭಾಗ (ಫ್ರೀ ಟೆಸ್ಟೋಸ್ಟೆರಾನ್) ಇಳಿಯುತ್ತದೆ ಎಂದು 2007ರಲ್ಲಿ ಪ್ರಕಟವಾದ ಟರ್ಕಿಯ ಪುಟ್ಟ ಅಧ್ಯಯನವೊಂದು ಹೇಳಿತ್ತು. ಹಿತ್ತಲಿನ ಪುದೀನ ಕುದಿಸಿ ಎರಡು ಹೊತ್ತು ಕುಡಿಯುತ್ತಿದ್ದೇನೆ. ಕೂದಲಿನ ಬೆಳವಣಿಗೆ ತಿಂಗಳುಗಟ್ಟಲೆಯ ಚಕ್ರವಾದ್ದರಿಂದ ಆರು ತಿಂಗಳಿಗೆ ಮೊದಲು ತೀರ್ಪು ಕೊಡುವುದಿಲ್ಲ. ಹತ್ತು ದಿನಕ್ಕೊಮ್ಮೆ ಹೋಗುತ್ತಿದ್ದ ಬ್ಯೂಟಿ ಪಾರ್ಲರ್‌ಗೆ ಈಗ ಮೂರು ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಅದು ಪುದೀನದಿಂದಲೋ ಇನ್ಸುಲಿನ್ ಇಳಿದಿದ್ದರಿಂದಲೋ ತಿಳಿಯಲು ಮುಂದಿನ ತಿಂಗಳು ಚಹಾ ನಿಲ್ಲಿಸಿ ನೋಡಲಿದ್ದೇನೆ.